ಅಪ್‌ಡೇಟ್: ಟ್ರಾನ್ಸ್‌ಫಾರ್ಮರ್ ಎಣ್ಣೆಯ ಗಂಧಕ ಪರೀಕ್ಷೆ ಮಾಡಿಸಿದೆ

ಹೋದ ತಿಂಗಳು ಕೇಳಿದ್ದೆ: ನಮ್ಮ ಫ್ಯಾಕ್ಟರಿಯ 2004ರ ಟ್ರಾನ್ಸ್‌ಫಾರ್ಮರ್‌ನಲ್ಲಿ ಎಣ್ಣೆಯ ಬಿಡಿವಿ (ಎಷ್ಟು ವೋಲ್ಟೇಜ್ ತಡೆಯುತ್ತದೆ ಅನ್ನೋದು), ತೇವಾಂಶ, ಗ್ಯಾಸ್ ರಿಪೋರ್ಟ್ (ಎಣ್ಣೆಯಲ್ಲಿ ಕರಗಿದ ಅನಿಲಗಳ ಪರೀಕ್ಷೆ) ಎಲ್ಲ ಸರಿಯಿದೆ, ಆದರೂ ಗಂಧಕದ ಪರೀಕ್ಷೆ, ಅಂದರೆ ಎಣ್ಣೆಯಲ್ಲಿರುವ ಗಂಧಕ ತಾಮ್ರವನ್ನು ತಿನ್ನುತ್ತದಾ ಅಂತ ನೋಡುವುದು, ಬೇಕಾ ಅಂತ. ಮಾಡಿಸು ಅಂದಿರಿ. ಮಾಡಿಸಿದೆ. ಫೇಲ್.

ಹಿಂದೆ 140 ಡಿಗ್ರಿಯಲ್ಲಿ 19 ಗಂಟೆಯ ಹಳೇ ಪರೀಕ್ಷೆಯಲ್ಲಿ ಇದೇ ಎಣ್ಣೆ ಪಾಸಾಗಿತ್ತು. ಈ ಸಲ ಕಾಗದ ಸುತ್ತಿದ ತಾಮ್ರದ ತುಂಡನ್ನು ಎಣ್ಣೆಯಲ್ಲಿ ಮುಳುಗಿಸಿ, 150 ಡಿಗ್ರಿಯಲ್ಲಿ 72 ಗಂಟೆ ಇಟ್ಟರು. ಲ್ಯಾಬ್‌ನವರು ಕಾಗದ ಬಿಚ್ಚಿ ತೋರಿಸಿದರು. ಒಳಮೈ ಮೇಲೆ ಪೆನ್ಸಿಲ್ ಉಜ್ಜಿದ ಹಾಗೆ ಬೂದು ಹೊಳಪು. ಅದು ತಾಮ್ರದ ಸಲ್ಫೈಡ್, ತಾಮ್ರಕ್ಕೆ ಗಂಧಕ ಸೇರಿ ಆದದ್ದು. ಕರೆಂಟ್ ತಡೆಯಬೇಕಾದ ಕಾಗದದ ಮೇಲೇ ಕರೆಂಟ್ ಹರಿಸುವ ಪದರ! ಸುರುಳಿಯ ಸುತ್ತುಗಳ ನಡುವೆ ಶಾರ್ಟ್ ಆಗುವುದು ಹೀಗೇ. ಗ್ಯಾಸ್ ರಿಪೋರ್ಟ್ ಇದನ್ನು ಮೊದಲೇ ಹೇಳುತ್ತದೆ ಅಂತ ನಂಬಬೇಡಿ.

ಎಣ್ಣೆಯಲ್ಲಿ ಡಿಬಿಡಿಎಸ್ ಕೂಡ ಸಿಕ್ಕಿತು. ಎಣ್ಣೆ ಬೇಗ ಹಳಸದಂತೆ ಕಾಯುವ ಗಂಧಕದ ಸಂಯುಕ್ತ ಅದು. ಬಿಸಿ ಏರಿದರೆ ತಾಮ್ರವನ್ನೇ ತಿನ್ನುತ್ತದೆ. ಕಾವಲುಗಾರನೇ ಕಳ್ಳ, ಅಲ್ವಾ?

ಪೂರ್ತಿ ಎಣ್ಣೆ ಬದಲಿಸಲು ಈಗ ದುಡ್ಡಿಲ್ಲ. ಸದ್ಯಕ್ಕೆ ಎಣ್ಣೆಗೆ ಪ್ಯಾಸಿವೇಟರ್ ಅನ್ನುವ ರಾಸಾಯನಿಕ ಹಾಕಿಸಿದೆವು, 100 ಪಿಪಿಎಂ, ಅಂದರೆ 10 ಟನ್ ಎಣ್ಣೆಗೆ ಬರೀ 1 ಕೆಜಿ. ಅದು ತಾಮ್ರದ ಮೇಲೆ ತೆಳು ಪೊರೆ ಕಟ್ಟಿ ಗಂಧಕದಿಂದ ಕಾಯುತ್ತದೆ. ಈಗಾಗಲೇ ಕಾಗದಕ್ಕೆ ಹತ್ತಿದ್ದನ್ನು ತೆಗೆಯುವುದಿಲ್ಲ. ದಿನ ಕಳೆದಂತೆ ಎಣ್ಣೆಯಲ್ಲಿ ಪ್ಯಾಸಿವೇಟರ್ ಕಮ್ಮಿಯೂ ಆಗುತ್ತದೆ. ಹಾಗಾಗಿ ಆರು ತಿಂಗಳಿಗೊಮ್ಮೆ ಅಳತೆ ಮಾಡಿಸುತ್ತೇವೆ, ಲೋಡೂ ಇಳಿಸಿದ್ದೇವೆ. ಹಾಕಿದ ಮೇಲೆ ಗ್ಯಾಸ್ ರಿಪೋರ್ಟ್‌ನಲ್ಲಿ ಹೈಡ್ರೋಜನ್ ಸ್ವಲ್ಪ ಜಾಸ್ತಿ ಬಂತು. ಪ್ಯಾಸಿವೇಟರ್‌ನಿಂದ ಹಾಗಾಗುವುದುಂಟಂತೆ. ಆದರೂ ಮುಂದಿನ ಸ್ಯಾಂಪಲ್ ಬರುವ ತನಕ ನನಗೆ ನಿದ್ದೆ ಅಷ್ಟಕ್ಕಷ್ಟೇ.