ಆಫ್ರಿಕನ್ ಔಲ್ ಪಾರಿವಾಳದ ಮರಿ ಒಂದು ವಾರಾನೂ ದಾಟ್ತಿಲ್ಲ

ಮಹಡಿಗೂಡು:
ಹೋದ ವರ್ಷ ಒಂದು ಜೋಡಿ ಆಫ್ರಿಕನ್ ಔಲ್ ತಂದೆ, ಕೊಕ್ಕು ತುಂಬಾ ಗಿಡ್ಡ ಇರೋ ತಳಿ. ಮೂರು ಸಲ ಮೊಟ್ಟೆ ಇಟ್ವು, ಕಾವಿಗೂ ಚೆನ್ನಾಗೇ ಕೂತ್ವು, ಮರೀನೂ ಆಚೆ ಬಂತು, ಆದ್ರೆ ನಾಲ್ಕನೇ ದಿನದಿಂದ ಮರಿ ಕತ್ತಿನ ಬುಡದ ಮೇವಿನ ಚೀಲ ಖಾಲಿ ಖಾಲಿ, ಆರನೇ ದಿನ ನೋಡಿದ್ರೆ ತಣ್ಣಗಾಗಿರುತ್ತೆ. ಗಂಡು ಹೆಣ್ಣು ಎರಡೂ ಗುಟುಕು ಕೊಡೋಕೆ ಒದ್ದಾಡ್ತವೆ, ನೋಡೋಕಾಗಲ್ಲ. ಪಕ್ಕದ ಗೂಡಲ್ಲಿ ಹೋಮರ್ (ಮಾಮೂಲಿ ಕೊಕ್ಕಿನ ಪಾರಿವಾಳ) ಜೋಡಿ ಸುಮ್ನೆ ಇದೆ, ಮರೀನ ಅಲ್ಲಿ ಹಾಕಿಬಿಡ್ಲಾ?

ಹಳೇಕೈ:
ಬೇಡ ಮಾರಾಯ್ರೆ. ಕಾವು ಕೂರದೇ ಇರೋ ಜೋಡಿಗೆ ಹಾಲು (ಮರಿಗೆ ಕೊಡೋಕೆ ಅವುಗಳ ಮೇವಿನ ಚೀಲದಲ್ಲಿ ಊರೋದು) ಬರಲ್ಲ, ಹಾಲು ಊರೋದೇ ಮರಿ ಒಡೆಯೋಕೆ ಒಂದೆರಡು ದಿನ ಮುಂಚೆ. ಮರಿ ಅಲ್ಲ, ಮೊಟ್ಟೆ ಬದಲಾಯಿಸಿ. ಎರಡೂ ಜೋಡಿ ಹೆಚ್ಚುಕಮ್ಮಿ ಒಂದೇ ಟೈಮಿಗೆ ಇಟ್ಟಾಗ ಔಲ್ ಮೊಟ್ಟೆ ಹೋಮರ್ ಕೆಳಗೆ, ಔಲ್‌ಗೆ ಪ್ಲಾಸ್ಟಿಕ್ ಮೊಟ್ಟೆ. ಸುಮ್ನೆ ಕಿತ್ಕೊಂಡ್ರೆ ಹೆಣ್ಣು ಬೇಗ ಮತ್ತೆ ಇಡುತ್ತೆ, ಹಿಂಗೇ ಮಾಡ್ತಾ ಹೋದ್ರೆ ಸೊರಗಿಹೋಗುತ್ತೆ.

ಗಿಡ್ಡಕೊಕ್ಕು:
ಏನು ಮೇವು ಹಾಕ್ತಿದ್ದೀರ? ಮೆಕ್ಕೆಜೋಳ, ಕಡ್ಲೆ ಆದ್ರೆ ನಿಲ್ಲಿಸಿ, ಆ ಕೊಕ್ಕಿಗೆ ಎತ್ತೋಕೇ ಕಷ್ಟ. ನವಣೆ, ಸಜ್ಜೆ, ಕುಸುಬೆ, ಗೋಧಿ ಸಾಕು, ಗ್ರಿಟ್ (ಕಾಳು ಅರೆಯೋಕೆ ತಿನ್ನೋ ಸಣ್ಣ ಕಲ್ಲಿನ ಚೂರು) ಮರೀಬೇಡಿ. ಮರಿ ಬಾಯಲ್ಲಿ ಹಳದಿ ಗಡ್ಡೆ ಥರ ಇತ್ತಾ ಅಂತಾನೂ ನೋಡಿ, ಕ್ಯಾಂಕರ್ (ಬಾಯಿ-ಗಂಟಲಿನ ಸೋಂಕು) ಆಗಿದ್ರೆ ಕೊಕ್ಕನ್ನ ಬೈದು ಪ್ರಯೋಜನ ಇಲ್ಲ, ಡಾಕ್ಟ್ರಿಗೆ ತೋರಿಸ್ಬೇಕು.

ತಕರಾರು:
ತಪ್ಪು ನಮ್ದೇ ಅಲ್ವಾ ಸ್ವಾಮಿ, ಶೋನಲ್ಲಿ ಕೊಕ್ಕು ಗಿಡ್ಡ ಇದ್ದಷ್ಟೂ ಮಾರ್ಕ್ಸು. 1859ರಲ್ಲೇ ಡಾರ್ವಿನ್ ಬರ್ದಿದ್ದಾರೆ, ಒಳ್ಳೇ ಗಿಡ್ಡಕೊಕ್ಕಿನ ಟಂಬ್ಲರ್ ಅನ್ನೋ ಪಾರಿವಾಳದ ತಳಿ ಮರಿಗಳಲ್ಲಿ ಆಚೆ ಬರೋದಕ್ಕಿಂತ ಮೊಟ್ಟೆಯೊಳಗೇ ಸಾಯೋವು ಜಾಸ್ತಿ, ಸಾಕೋರೇ ಒಡೆದು ಬಿಡಿಸ್ಬೇಕು ಅಂತ. ಅವ್ರೂ ಸಾಕ್ತಿದ್ರು. ನಾನಂತೂ ತಾನೇ ಮರಿ ಬೆಳೆಸೋ ಜೋಡೀನೇ ಇಟ್ಕೊಳ್ಳೋದು, ಪ್ರೈಜ್ ಬರ್ದಿದ್ರೂ ಪರವಾಗಿಲ್ಲ.

ಮಹಡಿಗೂಡು:
ಬಾಯಿ ಕ್ಲೀನ್ ಇತ್ತು. ಮೆಕ್ಕೆಜೋಳಾನೇ ಹಾಕ್ತಿದ್ದೆ 🙈 ಹೋಮರ್ ಭಾನುವಾರ ಇಟ್ಟಿದೆ, ಔಲ್ ನಿನ್ನೆ ಬುಧವಾರ. ಮೂರು ದಿನ ವ್ಯತ್ಯಾಸ ನಡಿಯುತ್ತಾ?

ಹಳೇಕೈ:
ಹೋಮರ್ ಮುಂದಿದ್ರೆ ನಡಿಯುತ್ತೆ, 18 ದಿನ ಆದ್ಮೇಲೂ ಮೂರ್ನಾಲ್ಕು ದಿನ ಸಾಮಾನ್ಯವಾಗಿ ಕೂರುತ್ತೆ. ಉಲ್ಟಾ ಆಗಿದ್ರೆ ಹಾಲು ಬರೋ ಮುಂಚೆ ಮರಿ ಬಂದು ಕೂತಿರ್ತಿತ್ತು. ನಾಳೆ ಎರಡನೇ ಮೊಟ್ಟೆ ಬರ್ಲಿ, ಪೆನ್ಸಿಲಲ್ಲಿ ಗುರುತು ಹಾಕಿ ಕತ್ತಲಾದ್ಮೇಲೆ ಬದಲಾಯಿಸಿ.