ಟರ್ಕಿ ಕೋಳಿಯ ಎಣ್ಣೆ ಸ್ನಾನ

"ಈ ಸಲ ಥ್ಯಾಂಕ್ಸ್‌ಗಿವಿಂಗ್‌ಗೆ ಟರ್ಕಿ ಕೋಳಿ ಕರಿಯೋಣ. ತುಂಡು ಮಾಡೋದಿಲ್ಲ. ಇಡೀ ಕೋಳಿ!"

ಗೌಡ ಹೀಗೆ ಘೋಷಿಸಿದಾಗ ನಾವೆಲ್ಲ ಅವನ ಹಿತ್ತಲಲ್ಲಿ ಕೂತು ಕಾಫಿ ಕುಡಿಯುತ್ತಿದ್ದೆವು. ಶನಿವಾರ ಸಂಜೆ. ಹಬ್ಬ ಬರುವ ಗುರುವಾರ. ಹ್ಯೂಸ್ಟನ್ನಿನಲ್ಲಿ ನವೆಂಬರ್ ಬಂದರೂ ಸ್ವೆಟರ್ ಇಲ್ಲದೆ ಹೊರಗೆ ಕೂರಬಹುದು. ಭಟ್ಟ ಲೋಟ ಕೆಳಗಿಟ್ಟ.

"ಎಷ್ಟು ದೊಡ್ಡದು ಮಾರಾಯ ಅದು?"

"14 ಪೌಂಡ್ ಇರಬಹುದು. ಆರು ಕೆಜಿಗಿಂತ ಸ್ವಲ್ಪ ಜಾಸ್ತಿ."

"ಆರು ಕೆಜಿಯ ಬೋಂಡಾ!" ಭಟ್ಟ ಮಾಂಸ ಮುಟ್ಟುವವನಲ್ಲ. ಆದರೆ ಕರಿಯುವ ವಿಷಯ ಬಂದರೆ ಎದ್ದು ಹೋಗುವವನೂ ಅಲ್ಲ. "ಎಣ್ಣೆ ಎಷ್ಟು ಬೇಕು?"

"ಮೂರು ಗ್ಯಾಲನ್. 11 ಲೀಟರ್ ಚಿಲ್ಲರೆ. ಕಡಲೆಕಾಯಿ ಎಣ್ಣೆ. ತಂದಾಗಿದೆ."

"ಶೇಂಗಾ ಎಣ್ಣಿ ಅನ್ನೋ," ಎಂದ ಧಾರವಾಡದ ಪಾಟೀಲ. "ಹಂಗಾದ್ರ ಇದು ನಮ್ಮ ಕಡೀ ಅಡಗಿ ಆತಲ್ಲ!"

ಅಲ್ಲ. ಇದು ಪಕ್ಕದ ಲೂಸಿಯಾನಾದ ಕೇಜನ್ ಜನರಿಂದ ಅಮೆರಿಕಕ್ಕೆಲ್ಲ ಹಬ್ಬಿದ ಪದ್ಧತಿ. ಅಲ್ಲಿ ಎಂಟು ವರ್ಷ ಇದ್ದು ಬಂದ ಅಕ್ಕ ಅದನ್ನು ಹೇಳಿದರು. ನಮ್ಮ ಗುಂಪಿನಲ್ಲಿ ಇಡೀ ಟರ್ಕಿ ಕರಿಯುವುದನ್ನು ಕಣ್ಣಾರೆ ಕಂಡವರು ಅವರೊಬ್ಬರೇ. ಓವನ್ನಿನಲ್ಲಾದರೆ ಮೂರು ಗಂಟೆಗೂ ಮೇಲೆ. ಎಣ್ಣೆಯಲ್ಲಿ ಪೌಂಡಿಗೆ ಮೂರೂವರೆ ನಿಮಿಷ. ಮುಕ್ಕಾಲು ಗಂಟೆಯ ಮೇಲೆ ಸ್ವಲ್ಪ ಹೊತ್ತಿಗೆ ಮುಗಿಯುತ್ತದೆ. ಎಣ್ಣೆ 350 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿರಬೇಕು. ಕಡಲೆಕಾಯಿ ಎಣ್ಣೆ ಆ ಕಾವಿಗೆ ಹೊಗೆಯಾಡುವುದಿಲ್ಲ, ಅದಕ್ಕೇ ಅದು. ಚರ್ಮ ಹಪ್ಪಳದ ಹಾಗಾಗುತ್ತದಂತೆ.

"ಟರ್ಕಿ ದೇಶದಲ್ಲೂ ಹೀಗೇ ಮಾಡ್ತಾರಾ?" ಭಟ್ಟ ಕೇಳಿದ.

ನನಗೆ ಇಷ್ಟವಾದ ವಿಷಯ ಸಿಕ್ಕಿತು, ಬಿಡುತ್ತೇನೆಯೇ! ಈ ಹಕ್ಕಿಗೂ ಟರ್ಕಿಗೂ ಏನೇನೂ ಸಂಬಂಧವಿಲ್ಲ. ಇದರ ತವರು ಮೆಕ್ಸಿಕೊ ಮತ್ತು ಅಮೆರಿಕ. ಇಂಗ್ಲಿಷರು ಇದನ್ನು ಟರ್ಕಿ ಅಂದರು. ಟರ್ಕಿಯವರು 'ಹಿಂದಿ' ಅನ್ನುತ್ತಾರೆ, ಅಂದರೆ ಭಾರತದ್ದು! ಫ್ರೆಂಚರಿಗೂ ಇದು ಭಾರತದ್ದೇ. ಡಚ್ಚರ 'ಕಾಲ್ಕೂನ್' ಅಂತೂ ನೇರವಾಗಿ ಕಲ್ಲಿಕೋಟೆಯ ಕೋಳಿ. ಪೋರ್ಚುಗೀಸರಿಗೆ ಪೆರು. ಯಾರಿಗೂ ಇದು ತಮ್ಮದು ಅಂತ ಒಪ್ಪಿಕೊಳ್ಳುವ ಧೈರ್ಯವಿಲ್ಲ. 1612ರಲ್ಲಿ ಇದು ಗೋವಾದಿಂದ ಜಹಾಂಗೀರನ ಆಸ್ಥಾನಕ್ಕೆ ಹೋದಾಗ ಬಾದಶಹ ಬೆರಗಾಗಿ ತನ್ನ ಚಿತ್ರಕಾರ ಮನ್ಸೂರ್ ಕೈಲಿ ಅದರ ಚಿತ್ರ ಬರೆಸಿದ.

"ತಿನ್ನಲಿಲ್ಲೇನು?" ಪಾಟೀಲ ಕೇಳಿದ.

"ಚಿತ್ರ ಬರೆಸಿದ ಅಂತ ಗೊತ್ತು, ಅಷ್ಟೇ."

"ಜಾಣ. ಸಪ್ಪಿ ಇರತದ ಅಂತ ನೋಡೇ ತಿಳಕೊಂಡಿರಬೇಕು."

ಅಕ್ಕ ನಮ್ಮ ಇತಿಹಾಸಕ್ಕೆ ಕಿವಿಗೊಡದೆ ಗೌಡನ ಕಡೆ ತಿರುಗಿದರು.

"ಕೋಳಿ ಎಲ್ಲಿದೆ ಈಗ?"

"ಗ್ಯಾರೇಜಿನ ಫ್ರೀಜರಿನಲ್ಲಿ."

"ಯಾವಾಗ ತೆಗೀತೀಯಪ್ಪ?"

"ಗುರುವಾರ ಬೆಳಿಗ್ಗೆ. ಎಣ್ಣೆ ಕಾಯೋಷ್ಟರಲ್ಲಿ ಬಿಟ್ಟುಕೊಳ್ಳುತ್ತೆ."

ಅಕ್ಕ ಕಾಫಿ ನುಂಗಲಿಕ್ಕೂ ಮರೆತರು. ಆಮೇಲೆ ಶುರುವಾಯಿತು. ಫ್ರಿಜ್ಜಿನಲ್ಲಿಟ್ಟು ಕರಗಿಸಬೇಕು. ನಾಲ್ಕೈದು ಪೌಂಡಿಗೆ ಒಂದು ದಿನ. ನಿನ್ನ 14 ಪೌಂಡಿಗೆ ಮೂರೂವರೆ ದಿನ. ನಾಳೆ ಭಾನುವಾರವೇ ಕೆಳಗಿಳಿಸಬೇಕು.

"ಭಾನುವಾರ ನಾಲ್ಕೂವರೆಯಿಂದ ಆರು ರಾಹುಕಾಲ," ಭಟ್ಟ ಕೂತಲ್ಲೇ ಮುಹೂರ್ತ ಇಟ್ಟ. "ಅದಕ್ಕೆ ಮುಂಚೆ ಇಳಿಸು."

"ಸ್ವಲ್ಪ ಐಸ್ ಉಳಿದರೆ ಏನಾಗುತ್ತೆ ಅಕ್ಕಾ?"

"ಕಾದ ಬಾಣಲೆಗೆ ಒದ್ದೆ ಜಾಲರಿ ಇಟ್ಟಿದ್ದೀಯಾ ಯಾವತ್ತಾದರೂ?"

ಇಟ್ಟಿದ್ದ. ಎಲ್ಲರೂ ಇಟ್ಟಿದ್ದೇವೆ. ನನ್ನ ಎಡಗೈ ಮೇಲೆ ಗುರುತಿದೆ. ನೀರು ಆವಿಯಾದರೆ ಸುಮಾರು 1700 ಪಟ್ಟು ಹಿಗ್ಗುತ್ತದೆ. ಒಂದು ಹನಿಗೇ ಚಟಪಟ ಅನ್ನುವ ಎಣ್ಣೆಗೆ, ಹೊಟ್ಟೆಯೊಳಗೆ ಐಸ್ ಇಟ್ಟುಕೊಂಡ ಕೋಳಿಯನ್ನು ಇಳಿಸಿದರೆ? ಎಣ್ಣೆ ಕೊಪ್ಪರಿಗೆಯಿಂದ ಉಕ್ಕಿ ಕೆಳಗಿನ ಗ್ಯಾಸ್ ಉರಿಗೆ ಬೀಳುತ್ತದೆ. ಮುಂದಿನದನ್ನು ಇಲ್ಲಿನ ಅಗ್ನಿಶಾಮಕದವರು ನವೆಂಬರಿನಲ್ಲಿ ಬಯಲಲ್ಲಿ ಮಾಡಿ ತೋರಿಸುತ್ತಾರೆ. ಆಳೆತ್ತರಕ್ಕೂ ಮೀರಿದ ಬೆಂಕಿ. ನೀರು ಹಾಕಿದರೆ ಇನ್ನೂ ಜೋರು.

"ನಾವು ಎಣ್ಣೆ ಹಚ್ಚಿಕೊಂಡು ಆಮೇಲೆ ನೀರು ಹಾಕ್ಕೊಳ್ತೀವಿ," ಅಂದೆ. "ಇದಕ್ಕೆ ಉಲ್ಟಾ. ನೀರೆಲ್ಲ ಒರೆಸಿ ಒಣಗಿಸಿ, ಆಮೇಲೆ ಎಣ್ಣೆ ಸ್ನಾನ."

"ಹೊಟ್ಟೆಯೊಳಗೂ ಒರೆಸಬೇಕು," ಅಂದರು ಅಕ್ಕ. "ಅಲ್ಲೊಂದು ಸಣ್ಣ ಚೀಲದಲ್ಲಿ ಕತ್ತು, ಈಲಿ ಎಲ್ಲ ಕಟ್ಟಿಟ್ಟಿರ್ತಾರೆ. ಅದನ್ನೂ ತೆಗಿ."

ಇನ್ನು ಎಣ್ಣೆಯ ಮಟ್ಟ. ಎಂಜಿನಿಯರ್ ಗೌಡ ಫೋನು ತೆಗೆದು ಕೊಪ್ಪರಿಗೆಯ ಅಗಲ, ಎತ್ತರ ಅಂತ ಗುಣಿಸತೊಡಗಿದ. ಕೋಳಿಯನ್ನು ಸಿಲಿಂಡರ್ ಅಂದುಕೊಳ್ಳಬೇಕೋ ಗೋಳ ಅಂದುಕೊಳ್ಳಬೇಕೋ ಎಂದು ಪಾಟೀಲನಿಗೂ ಅವನಿಗೂ ಜಗಳ. ಅಕ್ಕ ಎರಡು ಮಾತಲ್ಲಿ ಮುಗಿಸಿದರು. ಖಾಲಿ ಕೊಪ್ಪರಿಗೆಗೆ ಕೋಳಿ ಇಡು, ಮುಳುಗುವಷ್ಟು ನೀರು ಹಾಕು. ಕೋಳಿ ಎತ್ತು, ನೀರು ಎಲ್ಲಿಗೆ ಇಳಿಯಿತೋ ಅಲ್ಲಿಗೆ ಗೆರೆ ಹಾಕು. ಎಣ್ಣೆ ಆ ಗೆರೆ ದಾಟಬಾರದು.

"ಆಮೇಲೆ ಕೊಪ್ಪರಿಗೆ ಒಣಗಿಸು," ಭಟ್ಟ ಸೇರಿಸಿದ. ಕಲಿತುಬಿಟ್ಟಿದ್ದ.

ಒಲೆ ಎಲ್ಲಿಡುವುದು? ಮಳೆ ಬಂದರೆ ಅಂತ ಹಿಂಬಾಗಿಲ ಮರದ ಜಗಲಿ ಮೇಲೆ, ಸೂರಿನ ಕೆಳಗೆ ಅಂದ ಗೌಡ. ಅಕ್ಕ ಹಣೆ ಚಚ್ಚಿಕೊಂಡರು. ಮನೆಯಿಂದ ದೂರ, ಸಮತಟ್ಟು ನೆಲದ ಮೇಲೆ. ಕೋಳಿ ಇಳಿಸುವಾಗ ಉರಿ ಆರಿಸಬೇಕು. ಒಳಗಿನ ಮಾಂಸ 165 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತೇ ಎಂದು ಥರ್ಮಾಮೀಟರ್ ಚುಚ್ಚಿ ನೋಡಬೇಕು. ಮಳೆ ಬಂದರೆ ಕರಿಯುವ ಆಸೆಯೇ ಬಿಡಬೇಕು.

ರುಚಿಗೆ ಸಿರಿಂಜ್! ಬೆಣ್ಣೆ, ಬೆಳ್ಳುಳ್ಳಿ, ಖಾರ ಕರಗಿಸಿ ಮಾಂಸಕ್ಕೆ ಇಂಜೆಕ್ಷನ್ ಕೊಡುತ್ತಾರೆ. ಗೌಡನಿಗೆ ಅವ್ವನ ನಾಟಿ ಕೋಳಿ ಸಾರಿನ ಮಸಾಲೆ ಚುಚ್ಚುವ ಆಸೆ. "ಸೋಸಿ ಚುಚ್ಚು," ಎಂದರು ಅಕ್ಕ, "ಗಸಗಸೆ ಸೂಜಿಗೆ ಸಿಕ್ಕಿಕೊಳ್ಳುತ್ತೆ." ನನ್ನನ್ನು ಕೇಳಿದರೆ ಆ ಮಸಾಲೆಗೆ ನಾಟಿ ಕೋಳಿಯನ್ನೇ ಹಾಕಬಹುದಲ್ಲ. ಯಾರೂ ಕೇಳಲಿಲ್ಲ.

"ನನ್ನದೊಂದು ಷರತ್ತು," ಭಟ್ಟ ಕೈಯೆತ್ತಿದ. "ಹೊಸ ಎಣ್ಣೆಯಲ್ಲಿ ಮೊದಲು ಮೆಣಸಿನಕಾಯಿ ಬಜ್ಜಿ. ಕೋಳಿ ಆಮೇಲೆ ಇಳಿಯಲಿ."

"ಹಿಟ್ಟಿನ ಕಾಳು ಕರಕಲಾಗತಾವ," ಎಂದ ಪಾಟೀಲ.

"ನೀನು ಸೋಸು. ಶೇಂಗಾ ಎಣ್ಣಿ ನಿಮ್ಮ ಕಡೀದಲ್ವಾ?"

ಒಪ್ಪಂದವಾಯಿತು. ಗೌಡ ಹೆಮ್ಮೆಯಿಂದ ಗ್ಯಾರೇಜಿಗೆ ಹೋಗಿ ಕೋಳಿಯನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಬಂದ. ಮೇಜಿನ ಮೇಲಿಟ್ಟ ಸದ್ದಿಗೆ ಲೋಟಗಳು ಹಾರಿದವು. ಅಕ್ಕ ಕನ್ನಡಕ ಏರಿಸಿ ಚೀಟಿ ಓದಿದರು.

"ಗೌಡ, ಇದು 22 ಪೌಂಡ್."

"ಕಣ್ಣಂದಾಜಿನಲ್ಲಿ ಹೇಳಿದ್ದೆ ಅಕ್ಕಾ."

"ಕರಿಯಲಿಕ್ಕೆ 14 ದಾಟಬಾರದು. ಇದು ಓವನ್ನಿಗೇ ಹೋಗಬೇಕು. ಈಗಲೇ ಫ್ರಿಜ್ಜಿಗಿಡು, ಕರಗಲಿಕ್ಕೆ ಐದು ದಿನ ಬೇಕು."

"ಶನಿವಾರದ ರಾಹುಕಾಲ ಬೆಳಿಗ್ಗೆಯೇ ಮುಗಿದಿದೆ, ಧಾರಾಳವಾಗಿ ಇಡು," ಎಂದ ಭಟ್ಟ. ಆಮೇಲೆ ಗ್ಯಾರೇಜಿನ ಕಡೆ ಕತ್ತು ಚಾಚಿದ. "ಹಾಗಾದರೆ ಮಾರಾಯ, ಮೂರೂ ಗ್ಯಾಲನ್ ನನ್ನ ಬಜ್ಜಿಗೇ?"