ಟಾರ್ಕ್ ರೆಂಚ್: ಅಗ್ಗದ್ದು ಸಾಕಾ, ದುಬಾರಿಯದೇ ಬೇಕಾ?

ಡೊಂಬಿವಲಿ (ಪ್ರಶ್ನೆ): ಬೈಕ್, ಸ್ವಿಫ್ಟ್ ಎರಡರ ಕೆಲಸವನ್ನೂ ಮನೆಯಲ್ಲೇ ಮಾಡುತ್ತೇನೆ. ಬೋಲ್ಟನ್ನು ಕಂಪನಿ ಹೇಳಿದಷ್ಟೇ ಬಿಗಿಯಲು ಟಾರ್ಕ್ ರೆಂಚ್ ಬೇಕು. ಮುಂಬೈಯ ನಾಗದೇವಿ ಸ್ಟ್ರೀಟ್‌ನಲ್ಲಿ 2,500ರದ್ದೂ ಇದೆ, 16,000ದ್ದೂ ಇದೆ. ಅನುಭವ ಇದ್ದವರು ಹೇಳಿ.

ಚಿಂಚವಾಡ: ದುಬಾರಿಯದನ್ನೇ ತಗೊಳ್ಳಿ. ನನ್ನ ಅಗ್ಗದ ಕ್ಲಿಕ್ ರೆಂಚ್‌ನಲ್ಲಿ (ಇಟ್ಟಷ್ಟು ಬಿಗಿಯಾದಾಗ ಕ್ಲಿಕ್ ಅನ್ನುವಂಥದ್ದು) 25 ನ್ಯೂಟನ್ ಮೀಟರ್ (ತಿರುಗಿಸುವ ಬಲದ ಅಳತೆ) ಇಟ್ಟು ಬೈಕಿನ ಆಯಿಲ್ ಇಳಿಸುವ ಡ್ರೈನ್ ಬೋಲ್ಟ್ ಬಿಗಿದೆ. ಕ್ಲಿಕ್ ಬರಲೇ ಇಲ್ಲ. ಕೈಗೆ ಬೋಲ್ಟ್ ಮೆತ್ತಗಾಯಿತು, ಆಮೇಲೆ ಸುಮ್ನೆ ತಿರುಗತೊಡಗಿತು. ಬಿಚ್ಚಿದರೆ ಅಲ್ಯೂಮಿನಿಯಂ ಥ್ರೆಡ್ ಸುರುಳಿ ಸುರುಳಿಯಾಗಿ ಬೋಲ್ಟಿಗೇ ಅಂಟಿಕೊಂಡು ಬಂತು. ಹಾಳಾದ ಥ್ರೆಡ್ ಜಾಗಕ್ಕೆ ಕೂರಿಸುವ ಹೆಲಿಕಾಯಿಲ್ ಸುರುಳಿ 900, ಬೋಲ್ಟ್ ಮತ್ತು ವಾಷರ್ 140, ಹೊಸ ಆಯಿಲ್ 1,100, ಗ್ಯಾರೇಜಿಗೆ ಸಾಗಿಸಲು ಟೆಂಪೋ 600. ಒಟ್ಟು 2,740, ರೆಂಚಿಗಿಂತ ಜಾಸ್ತಿ! ಅಂಗಡಿಯವನು ವಾಪಸ್ ತಗೊಳ್ಳಲಿಲ್ಲ. ಈಗ ಜರ್ಮನಿಯದು ಇಟ್ಟಿದ್ದೇನೆ, ನೆಮ್ಮದಿ.

ಮಡಗಾಂವ್: 28ರಿಂದ 210 ನ್ಯೂಟನ್ ಮೀಟರ್‌ವರೆಗಿನ ದೊಡ್ಡ ರೆಂಚ್‌ನಲ್ಲಿ, ಅದರ ಕನಿಷ್ಠಕ್ಕಿಂತ ಕೆಳಗೆ, 25 ಇಟ್ಟಿರಬೇಕು. ಅದಕ್ಕೆ ಬೆಲೆಯನ್ನು ಬೈದರೆ ಹೇಗೆ? ನನ್ನ ಅಗ್ಗದ್ದನ್ನು ಲ್ಯಾಬಿಗೆ ಕೊಟ್ಟಿದ್ದೆ. 100ಕ್ಕೆ 103 ಬಂತು. ಈ ರೆಂಚ್‌ಗಳ ಅಂತರರಾಷ್ಟ್ರೀಯ ಮಾನದಂಡ ಐಎಸ್ಒ 6789 ಶೇ. 4ರಷ್ಟು ಹೆಚ್ಚುಕಮ್ಮಿ ಒಪ್ಪುತ್ತದೆ. ಉಳಿದ ದುಡ್ಡಲ್ಲಿ ಒಳ್ಳೆಯ ಜ್ಯಾಕ್ ಬಂತು.

ಚಿಂಚವಾಡ: ನನ್ನದು 10ರಿಂದ 60ರದ್ದೇ. ಕೇಳದೆ ತೀರ್ಪು ಕೊಡಬೇಡಿ.

ಭೋಸರಿ: ಕ್ಯಾಲಿಬ್ರೇಷನ್, ಅಂದರೆ ಉಪಕರಣದ ಅಳತೆ ಸರಿ ಇದೆಯಾ ಅಂತ ಪರೀಕ್ಷಿಸುವುದು, ನನ್ನ ದಿನದ ಕೆಲಸ. ದುಬಾರಿಯದಾದರೂ 5,000 ಸಲ ಬಳಸಿದ ಮೇಲೆ ಅಥವಾ ವರ್ಷಕ್ಕೊಮ್ಮೆ ಪರೀಕ್ಷೆ ಆಗಲೇಬೇಕು. ಜನ ಕ್ಲಿಕ್ ರೆಂಚನ್ನು 80ರಲ್ಲೇ ಬಿಟ್ಟು ಡಬ್ಬಿಗೆ ಹಾಕುತ್ತಾರೆ, ಒಳಗಿನ ಸ್ಪ್ರಿಂಗ್ ಸೋಲುತ್ತದೆ. ಸ್ಕೇಲಿನ ಕನಿಷ್ಠ ಗುರುತಿಗೆ ಇಳಿಸಿ, ಅದಕ್ಕಿಂತ ಕೆಳಗೆ ಬೇಡ. ಇನ್ನು ವೀಲ್ ನಟ್ಟಿಗೆ ಎಣ್ಣೆ ಹಚ್ಚುವವರಿಗೆ ಯಾವ ರೆಂಚ್ ಕೊಟ್ಟರೂ ಅಷ್ಟೇ.

ಮಡಗಾಂವ್: ನನಗೇ ಹೇಳಿದ್ದು ಅಲ್ವಾ? ಇಲ್ಲಿಯ ಉಪ್ಪುಗಾಳಿಯಲ್ಲಿ ಒಂದು ಮಳೆಗಾಲ ಕಳೆದು ನೋಡಿ. ಎಣ್ಣೆ ಇಲ್ಲದ ನಟ್ ಬಿಚ್ಚಲು ಪೈಪ್ ಸಿಕ್ಕಿಸಿ ನೇತಾಡಬೇಕು.

ಭೋಸರಿ: ನಾವು ಹಾಕುವ ಬಲದಲ್ಲಿ ಸುಮಾರು ಶೇ. 90 ಘರ್ಷಣೆಗೇ ಹೋಗುತ್ತದೆ. ಎಣ್ಣೆ ಹಚ್ಚಿದರೆ ಘರ್ಷಣೆ ಕಮ್ಮಿ, ಅದೇ 100ಕ್ಕೆ ಸ್ಟಡ್ (ನಟ್ ಕೂರುವ ಬೋಲ್ಟ್) ಎಷ್ಟೋ ಜಾಸ್ತಿ ಎಳೆತಕ್ಕೆ ಸಿಗುತ್ತದೆ. ಕಂಪನಿ ಕೊಟ್ಟ ಅಂಕಿ ಒಣ ಥ್ರೆಡ್ಡಿನದು. ತಂತಿ ಬ್ರಷ್ ಹಾಕಿ ಉಜ್ಜಿ, ಸಾಕು.

ಮಡಗಾಂವ್: ಇಷ್ಟು ವರ್ಷದಲ್ಲಿ ನನ್ನ ಒಂದು ಸ್ಟಡ್ಡೂ ಮುರಿದಿಲ್ಲ.

ವಾಶಿ: ಬೀಮ್ ರೆಂಚ್ (ಕಂಬಿ ಬಾಗಿದಷ್ಟೂ ಮುಳ್ಳು ಬಿಗಿ ತೋರಿಸುವಂಥದ್ದು) ಯಾಕೆ ಯಾರಿಗೂ ನೆನಪಾಗಲಿಲ್ಲ? ಸ್ಪ್ರಿಂಗೇ ಇಲ್ಲ, ಸೋಲುವ ಮಾತೂ ಇಲ್ಲ. ಮುಳ್ಳು ಸೊನ್ನೆಯಲ್ಲಿ ನಿಂತರೆ ಸರಿ ಇದೆ ಅಂತ.

ಚಿಂಚವಾಡ: ಬೈಕಿನ ಅಡಿ ಮಲಗಿಕೊಂಡು ಆ ಮುಳ್ಳನ್ನು ಓದಿ ತೋರಿಸಿ, ಆಮೇಲೆ ಮಾತಾಡೋಣ.